ಹೂ ಬಾಡುವವರೆಗೆ ಮಾತ್ರ

...ಇಲ್ಲ, ಚಹಾ ಆಮೇಲೆ. ಒಲೆ ಆರಿಸಿ ಇಲ್ಲಿಗೆ ಬಾ. ಕಿಟಕಿಯ ಹತ್ತಿರ ನಿಲ್ಲು. ಬೆಳಕು ನಿನ್ನ ಮುಖದ ಮೇಲೆ ಬೀಳಲಿ. ಹಾಂ, ಅಲ್ಲಿಯೇ. ಈಗ ಹೇಳು: ಈ ಬಸಿಯಲ್ಲಿ ಏನಿದೆ?

ಬಸಿಯ ಅಂಚನ್ನು ನೋಡಬೇಡ. ಒಳಗೆ ನೋಡು.

ಗೊತ್ತಿಲ್ಲವೆಂದು ತಲೆಯಾಡಿಸುತ್ತೀಯಾ, ಮಾನಸಾ? ನೀನು? ಬೈತಖೋಲದ ತುಳಸಿದಾಸರ ಮಗಳು? ಬಂದರಿನ ದಕ್ಕೆಯ ಮೇಲೆ, ಮೀನಿನ ಬುಟ್ಟಿಗಳ ನಡುವೆ ನಡೆಯಲು ಕಲಿತವಳು! ಉಗುರಿನ ಅರ್ಧದಷ್ಟು ಅಗಲ, ಕಾಗದಕ್ಕಿಂತ ತೆಳು, ಬೆಳಕಿಗೆ ಹಿಡಿದರೆ ಬೆಳ್ಳಿಯ ಹೊಳಪು... ಇದು ಮೀನಿನ ಹುರುಪೆ. ತಾರಲೆ ಮೀನಿನ ಹುರುಪೆ. ಇಷ್ಟನ್ನು ನಿನಗೆ ನಾನು, ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದ ಮುದುಕಿ, ಹೇಳಿಕೊಡಬೇಕಾಯಿತು.

ಎಲ್ಲಿ ಸಿಕ್ಕಿತೆಂದು ಕೇಳು. ಕೇಳುವುದಿಲ್ಲವೇ? ಆಗಲಿ, ಕೇಳದಿದ್ದರೂ ಹೇಳುತ್ತೇನೆ. ಹೂದಾನಿಯಲ್ಲಿ. ಬೆಳಿಗ್ಗೆ ನೀರು ಬದಲಾಯಿಸುವಾಗ ಗಾಜಿನ ತಳಕ್ಕೆ ಅಂಟಿಕೊಂಡಿತ್ತು.

ನಗು ಬಂತೇ? ಇಲ್ಲವೇ? ತುಟಿ ಕಚ್ಚಿಕೊಂಡದ್ದನ್ನು ನಾನು ಕಂಡೆ.

ತಪ್ಪು ತಿಳಿಯಬೇಡ. ಈ ಮನೆಯಲ್ಲಿ ಮೀನಿಗೆ ಆಕ್ಷೇಪವಿಲ್ಲ. ನಿನ್ನೆ ನೀನು ಮಾಡಿದ ಇಸೋಣ ಮೀನಿನ ಸಾರನ್ನು ಎರಡು ಸಲ ಬಡಿಸಿಕೊಂಡೆ. ಚೆನ್ನಾಗಿದೆಯೆಂದು ಬಾಯಿಬಿಟ್ಟು ಹೇಳಲಿಲ್ಲ, ಅದು ಬೇರೆ ಮಾತು. ಆದರೆ ಇಸೋಣಕ್ಕೆ ಇಂಥ ಹುರುಪೆ ಇರುವುದಿಲ್ಲ. ತಾರಲೆ ಈ ಅಡುಗೆಮನೆಗೆ ಬಂದು ತಿಂಗಳಾಯಿತು. ಹಾಗಾದರೆ ತಾರಲೆಯ ಹುರುಪೆ ನನ್ನ ಹೂದಾನಿಗೆ ಹೇಗೆ ಬಂತು? ಈಜಿಕೊಂಡು ಬಂತೇ?

ಕುಳಿತುಕೊಳ್ಳಬೇಡ. ನಾನೂ ನಿಂತೇ ಇದ್ದೇನೆ.

ವಿಷಯವನ್ನು ಮೊದಲಿನಿಂದ, ಕ್ರಮವಾಗಿ ಇಡುತ್ತೇನೆ. ತಪ್ಪಿದ್ದರೆ ತಿದ್ದು. ತಿದ್ದುವಾಗ ಪೂರ್ಣ ವಾಕ್ಯದಲ್ಲಿ ತಿದ್ದು. ತಲೆಯಾಡಿಸುವುದು, ಭುಜ ಹಾರಿಸುವುದು, ಇವೆಲ್ಲ ಉತ್ತರವಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಬೆನಿಗ್ನಾ ಅರ್ಧ ವಾಕ್ಯಕ್ಕೆ ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ.

ಇಂದಿಗೆ ಹದಿನಾರು ದಿನ. ಜನವರಿಯ ಮೊದಲ ಭಾನುವಾರ, ಸಂಜೆ ಐದು ಗಂಟೆ. ಮುಂಬಾಗಿಲಲ್ಲಿ ನನ್ನ ಮಗ ಸಂದೀಪ. ಅವನ ಹಿಂದೆ ನೀನು. ಅದಕ್ಕೆ ಐದು ತಿಂಗಳ ಮೊದಲು ನೀವಿಬ್ಬರೂ ರಿಜಿಸ್ಟ್ರಾರ ಕಚೇರಿಯಲ್ಲಿ ಮದುವೆಯಾಗಿದ್ದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಿನ್ನ ತಂದೆಯನ್ನೂ ಕೇಳಲಿಲ್ಲ. ಅಂದಿನಿಂದ ತುಳಸಿದಾಸರು ತಮ್ಮ ಬಾಗಿಲು ಮುಚ್ಚಿದರು, ನಾನು ನನ್ನದನ್ನು ಮುಚ್ಚಿದೆ. ಒಮ್ಮೆಯೂ ಮುಖ ನೋಡದ ಇಬ್ಬರು ಬೀಗರು ಆ ಒಂದು ವಿಷಯದಲ್ಲಿ ಒಂದೇ ಮತದವರಾದೆವು! ಇರಲಿ. ಸಂದೀಪ ಏನೆಂದ? 'ಆಯೀ, ಇಲಾಖೆಯ ತರಬೇತಿಗೆ ಮೈಸೂರಿಗೆ ಹೋಗಬೇಕು, ಇಪ್ಪತ್ತೊಂದು ದಿನ. ಕದ್ವಾಡದ ಬಾಡಿಗೆ ಕೋಣೆಯಲ್ಲಿ ಇವಳೊಬ್ಬಳನ್ನೇ ಹ್ಯಾಗೆ ಬಿಡಲಿ?' ಎಂದ. ಮಾತಾಡಿದವನು ಅವನು. ನೀನು ಮಾತಾಡಲಿಲ್ಲ. ನೀನು ಹೂ ಚಾಚಿದೆ.

ಏಳು ಕಡ್ಡಿ ಗ್ಲಾಡಿಯೋಲಸ್. ಕೆಂಪು. ಬಸ್ ನಿಲ್ದಾಣದ ಎದುರಿನ ಅಂಗಡಿಯದು. ಪ್ಲಾಸ್ಟಿಕ್ ಹಾಳೆಯನ್ನು ಕೂಡ ನೀನು ಬಿಚ್ಚಿರಲಿಲ್ಲ.

ಆ ಕ್ಷಣದಲ್ಲಿ ನನಗೆ ಹೊಳೆದದ್ದು ಏನು, ಗೊತ್ತೇ? 'ಇವಳಿಗೆ ನನ್ನಿಂದ ಏನೋ ಬೇಕು.' ಇದೇ. ಮುಚ್ಚಿಡುವುದೇಕೆ? ಸಂದೀಪನ ತಂದೆ ಪುಂಡಲೀಕರು ಹೋಗಿ ಹನ್ನೆರಡು ವರ್ಷ. ಈ ಹನ್ನೆರಡು ವರ್ಷಗಳಲ್ಲಿ ದೇವರ ಹೆಸರಿಗಲ್ಲದೆ ಈ ಮನೆಯೊಳಗೆ ಹೂ ಬಂದದ್ದಿಲ್ಲ. ಹೂ ಮುಡಿಯದವಳ ಕೈಗೆ ಯಾರಾದರೂ ಹೂ ಕೊಡುತ್ತಾರೆಯೇ? ನಮ್ಮ ಕಡೆ ಕೊಡುವುದಿಲ್ಲ. ನಿಮ್ಮ ಕಡೆಯೂ ಕೊಡುವುದಿಲ್ಲ. ಗೊತ್ತಿಲ್ಲದೆ ತಂದಳೋ, ಗೊತ್ತಿದ್ದೂ ಚುಚ್ಚಲೆಂದು ತಂದಳೋ... ಏನು? ಕೈಯಿಂದ ತೋರಿಸಬೇಡ, ನನಗೆ ಅರ್ಥವಾಗುತ್ತದೆ. ಇದು ಮುಡಿಯುವ ಹೂವಲ್ಲ, ನೀರಿನಲ್ಲಿ ಇಡುವ ಹೂ. ಆ ವ್ಯತ್ಯಾಸ ತಿಳಿದೇ ನೀನು ಮೂರು ಅಂಗಡಿ ಸುತ್ತಿ ಹುಡುಕಿದೆಯೆಂದು ಸಂದೀಪ ಆಮೇಲೆ ಫೋನಿನಲ್ಲಿ ಹೇಳಿದ. ಅವನು ಹೇಳಿದ. ನೀನು ಹೇಳಲಿಲ್ಲ!

ಆಗ ನಾನು ಆಡಿದ ಮಾತು ನಿನಗೆ ನೆನಪಿದೆ. ನೆನಪಿಲ್ಲದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. 'ಹೂ ತಂದವರನ್ನು ಹೂ ಬಾಡುವ ಮೊದಲು ಹೊರಗೆ ಕಳಿಸಬಾರದು. ಇದು ಸಿಸ್ಟರ್ ಬೆನಿಗ್ನಾ ನಮಗೆ ಕಲಿಸಿದ ನಿಯಮ. ಹೂ ಬಾಡುವವರೆಗೆ ಇರಬಹುದು. ಬಾಡಿದ ದಿನ ಕದ್ವಾಡಕ್ಕೆ ಹೊರಡಬೇಕು.' ಸರಿಯೇ? ಹೂವನ್ನು ನಿನ್ನ ಕೈಯಿಂದ ತೆಗೆದುಕೊಂಡು ನಾನು ಒಳಗೆ ಬಂದೆ. ಹೂ ಮುಂಬಾಗಿಲಿನಿಂದ ಬಂತು. ನೀನು ಚೀಲ ಎತ್ತಿಕೊಂಡು ಹಿತ್ತಿಲ ಬಾಗಿಲಿಗೆ ಸುತ್ತಿ ಬಂದೆ. ಹೊಸ ಸೊಸೆ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಕಾಲಿನಿಂದ ಉರುಳಿಸಿ ಮನೆ ತುಂಬುವ ಪದ್ಧತಿ ಈ ಮನೆಗೂ ಇದೆ. ಅಂದು ಸೇರೂ ಇರಲಿಲ್ಲ, ಅಕ್ಕಿಯೂ ಇರಲಿಲ್ಲ. ನೀನು ಕೇಳಲೂ ಇಲ್ಲ.

ಅಂದಿನಿಂದ ಹಿತ್ತಿಲ ಬಾಗಿಲಿನಿಂದಲೇ ಹೋಗುತ್ತೀ, ಹಿತ್ತಿಲ ಬಾಗಿಲಿನಿಂದಲೇ ಬರುತ್ತೀ. ನಾನು ಹಾಗೆ ಮಾಡು ಎಂದು ಹೇಳಿರಲಿಲ್ಲ. ಮಾಡಬೇಡ ಎಂದೂ ಹೇಳಲಿಲ್ಲ... ಸರಿ, ಸರಿ.

ಹೂವಿನ ಆರೈಕೆ ಮಾತ್ರ ನನ್ನದು. ಯಾರ ಹೂವೇ ಇರಲಿ, ಒಮ್ಮೆ ನನ್ನ ಮೇಜಿಗೆ ಬಂದ ಮೇಲೆ ಅದು ಅಶಿಸ್ತಿನಿಂದ ಸಾಯಬಾರದು. ಶಾಲೆಯವರು ನಿವೃತ್ತಿಯ ದಿನ ಕೊಟ್ಟ ಗಾಜಿನ ಹೂದಾನಿ ಪೆಟ್ಟಿಗೆಯಲ್ಲೇ ಇತ್ತು, ಅದನ್ನು ತೊಳೆದೆ. ಕಾನ್ವೆಂಟಿನಲ್ಲಿ ಶನಿವಾರ ಮಧ್ಯಾಹ್ನ ಪೂಜಾವೇದಿಕೆಗೆ ಹೂ ಸಿದ್ಧಪಡಿಸುವ ಕೆಲಸ ಸಿಸ್ಟರ್ ನನಗೇ ಒಪ್ಪಿಸುತ್ತಿದ್ದರು, ನಾನು ಹಿಂದೂ ಹುಡುಗಿಯಾದರೂ. 'ಈ ಹುಡುಗಿಯ ಕೈ ನಡುಗುವುದಿಲ್ಲ' ಎನ್ನುತ್ತಿದ್ದರು. ಕಡ್ಡಿಯನ್ನು ನೀರಿನೊಳಗೇ, ಓರೆಯಾಗಿ ಕತ್ತರಿಸಬೇಕು. ನೀರಿಗೆ ತಾಗುವ ಎಲೆಗಳನ್ನು ಕೀಳಬೇಕು, ಇಲ್ಲದಿದ್ದರೆ ಕೊಳೆಯುತ್ತವೆ. ಚಿಟಿಕೆ ಸಕ್ಕರೆ, ನಾಲ್ಕು ಹನಿ ಲಿಂಬೆಯ ರಸ. ದಿನವೂ ಹೊಸ ನೀರು. ಎರಡು ದಿನಕ್ಕೊಮ್ಮೆ ಕಡ್ಡಿಯ ತುದಿಯನ್ನು ಅರ್ಧ ಬೆರಳಿನಷ್ಟು ಮತ್ತೆ ಕತ್ತರಿಸಬೇಕು. ಕೆಳಗಿನ ಬಾಡಿದ ಹೂ ಕಿತ್ತರೆ ಮೇಲಿನ ಮೊಗ್ಗಿಗೆ ಬಲ ಬರುತ್ತದೆ. ಫ್ಯಾನಿನ ಗಾಳಿ ಬೇಡ, ಕಡಲ ಗಾಳಿ ಬೇಡ, ಹಣ್ಣಾದ ಬಾಳೆಹಣ್ಣಿನ ನೆರೆಯಂತೂ ಬೇಡವೇ ಬೇಡ. ಆ ಹಣ್ಣಿನ ಉಸಿರು ತಾಕಿದರೆ ಹೂವಿಗೆ ಒಂದೇ ದಿನದಲ್ಲಿ ಮುಪ್ಪು ಬರುತ್ತದೆ.

ಅಂದಹಾಗೆ, ಎರಡನೆಯ ದಿನ ಬೆಳಿಗ್ಗೆ ಹೂದಾನಿಯ ಪಕ್ಕದಲ್ಲೇ ಒಂದು ಚಿಪ್ಪು ಬಾಳೆಹಣ್ಣು ಇತ್ತು. ಸಂಜೆಗೆ ಇರಲಿಲ್ಲ. ಯಾರು ಇಟ್ಟರು, ಯಾರು ತೆಗೆದರು... ಆ ವಿಚಾರಣೆ ಈಗ ಬೇಡ. ಬೇಡ ಎಂದೆನಲ್ಲ!

ಇಷ್ಟೆಲ್ಲ ಮಾಡಿದರೂ ಗ್ಲಾಡಿಯೋಲಸ್ ಎಷ್ಟು ದಿನ ನಿಲ್ಲುತ್ತದೆ? ಎಂಟು ದಿನ. ಹತ್ತು ಎಂದರೆ ಭಾಗ್ಯ. ಇಂದು ಹದಿನಾರನೆಯ ದಿನ, ಏಳಕ್ಕೆ ಏಳೂ ನಿಂತಿವೆ. ಪರೇಡಿನಲ್ಲಿ ನಿಂತ ಹಾಗೆ! ಇದು ಮೊದಲ ಸಾಕ್ಷಿ. ನನಗೆ ಸಂಶಯ ಬರಬಾರದೇ? ಬಂದರೆ ನನ್ನದು ಕೆಟ್ಟ ಬುದ್ಧಿಯೇ?

ಎರಡನೆಯ ಸಾಕ್ಷಿ ನೀರು. ಐದಾರು ದಿನಗಳಿಂದ ಬೆಳಿಗ್ಗೆ ಹೂದಾನಿಗೆ ಕೈ ಹಚ್ಚಿದರೆ ಗಾಜು ತಣ್ಣಗೆ ಕೊರೆಯುತ್ತಿದೆ. ಹೊರಮೈ ಬೆವರಿರುತ್ತದೆ, ಕೆಳಗಿನ ಕಸೂತಿ ಬಟ್ಟೆ ಒದ್ದೆಯಾಗಿರುತ್ತದೆ. ನಮ್ಮ ಬಾವಿಯ ನೀರು ಇಷ್ಟು ತಣ್ಣಗೆ ಎಂದು ಇತ್ತು? ಮನೆಯ ಫ್ರಿಜ್ ದೀಪಾವಳಿಯಿಂದ ಕೆಟ್ಟು ಕುಳಿತಿದೆ. ಹಾಗಾದರೆ ತಂಪು ಬಂದದ್ದೆಲ್ಲಿಂದ?

ಮೂರನೆಯ ಸಾಕ್ಷಿ ಹಿತ್ತಿಲ ಬಾಗಿಲಿನ ಅಗುಳಿ. ಬೆಳಗಿನ ಆರಕ್ಕೆ ಅದು ಸದ್ದಾಗುತ್ತದೆ, ಏಳೂವರೆಗೆ ಇನ್ನೊಮ್ಮೆ. ನಾನು ನಿದ್ದೆಯಲ್ಲಿದ್ದೇನೆಂದು ತಿಳಿದಿದ್ದೆಯಾ? ನನ್ನ ಕಿವಿಗೆ ನಲವತ್ತು ಹುಡುಗಿಯರ ತರಗತಿಯಲ್ಲಿ ಹಿಂದಿನ ಬೆಂಚಿನ ಪಿಸುಮಾತು ಕೇಳುತ್ತಿತ್ತು. ಹೋಗುವಾಗ ಚೀಲ ಖಾಲಿ, ಬರುವಾಗ ಚೀಲ ಭಾರ... ಇಲ್ಲ, ಇಲ್ಲ, ಅದು ಈಗ ಗೊತ್ತಾದದ್ದು. ಆಗ ನಾನು ತಿಳಿದದ್ದು ತದ್ವಿರುದ್ಧ. ಏನೋ ಹೊರಗೆ ಹೋಗುತ್ತಿದೆ ಎಂದು ತಿಳಿದೆ. ಹೌದು, ಮಾನಸಾ! ನೀನು ಸ್ನಾನಕ್ಕೆ ಹೋದಾಗ ನಾನು ಕಪಾಟು ತೆರೆದು ನೋಡಿದೆ. ಬೆಳ್ಳಿಯ ಕುಂಕುಮದ ಬಟ್ಟಲು ಇತ್ತು. ಪುಂಡಲೀಕರ ಕೈಗಡಿಯಾರ ಇತ್ತು. ತಾಮ್ರದ ತಂಬಿಗೆಗಳು ಐದೂ ಇದ್ದವು. ಕಾಣೆಯಾದದ್ದು ಒಂದೇ ವಸ್ತು: ಹಿತ್ತಿಲಿನ ಹಳೆಯ ಗೋಣಿಚೀಲ. ಗೋಣಿಚೀಲ ಕದಿಯುವ ಸೊಸೆ! ನಾನು ಆ ದಿನ ಊಟ ಮಾಡಲಿಲ್ಲ, ನೆನಪಿದೆಯೇ? ಹೊಟ್ಟೆ ಸರಿಯಿಲ್ಲ ಎಂದೆ. ಹೊಟ್ಟೆ ಸರಿಯಾಗಿಯೇ ಇತ್ತು.

ಹಾಗೆ ನೋಡಬೇಡ.

ಹಾಗೆ ನೋಡಬೇಡ ಎಂದೆ. ಸಂದೀಪನೂ ಒಂದು ಸಲ ಹೀಗೆಯೇ ನೋಡಿದ್ದ. ಅವನಿಗೆ ಆಗ ಒಂಬತ್ತು ವರ್ಷ. ಶಾಲೆಯವರ ಜೊತೆ ದೇವಬಾಗಕ್ಕೆ ಹೋದವನು ಒಂದು ಶಂಖ ತಂದಿದ್ದ. ನನ್ನ ಹೆಬ್ಬೆರಳಿನಷ್ಟು, ಒಳಗೆ ಗುಲಾಬಿ ಬಣ್ಣ. ಚಡ್ಡಿಯ ಜೇಬಿನಿಂದ ತೆಗೆದು 'ಆಯೀ, ನಿನಗೆ' ಎಂದ. ನಾನೇನು ಕೇಳಿದೆ? 'ಯಾರದು ಇದು? ಯಾರ ಚೀಲದಿಂದ ತೆಗೆದೆ?' ಕಡಲು ಕೊಟ್ಟಿತು ಎಂದ. ಅದು ಉತ್ತರವೇ? ಎರಡು ತಾಸು ನಿಲ್ಲಿಸಿದೆ, ಅದೇ ಉತ್ತರ. ಆಗ ನಾನು, 'ಸರಿ, ಕಡಲಿನದಾದರೆ ಕಡಲಿಗೇ ಕೊಟ್ಟು ಬಾ' ಎಂದೆ. ಅವನು ಸಮುದ್ರದ ದಂಡೆಯವರೆಗೆ ನಡೆದು ಹೋಗಿ ಎಸೆದು ಬಂದ. ಆಮೇಲೆ ಅವನ ಜೊತೆ ಹೋಗಿದ್ದ ಹುಡುಗರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದೆ. ಯಾರ ಶಂಖವೂ ಕಳೆದಿರಲಿಲ್ಲ. ಅಂದಿನಿಂದ ನನ್ನ ಮಗ ನನಗೆ ಒಂದು ಹುಲ್ಲುಕಡ್ಡಿಯನ್ನೂ ತಂದು ಕೊಟ್ಟಿಲ್ಲ. ಇಪ್ಪತ್ತು ವರ್ಷ! ಸಂಬಳ ಕೊಡುತ್ತಾನೆ, ಔಷಧ ತರುತ್ತಾನೆ, ಕರ್ತವ್ಯದಲ್ಲಿ ಲೋಪವಿಲ್ಲ. ಆದರೆ 'ಆಯೀ, ನಿನಗೆ' ಎಂದು... ಇಲ್ಲ.

ಈ ಹೂಗಳು ಆ ಶಂಖದ ನಂತರದ ಮೊದಲನೆಯವು. ಅದೂ ಅವನ ಕೈಯಿಂದಲ್ಲ.

ಏಕೆ ತಲೆ ತಗ್ಗಿಸಿದೆ? ನಾನು ಕರುಣೆ ಕೇಳಲಿಲ್ಲ. ವಿಷಯಕ್ಕೆ ಬರೋಣ.

ನಾಲ್ಕನೆಯ ಸಾಕ್ಷಿ ನಾಗಿ. ಹೌದು, ಬುಟ್ಟಿ ಹೊತ್ತು ಬರುವ ನಿಮ್ಮ ಬೈತಖೋಲದ ನಾಗಿಯೇ. ಇಂದು ಬೆಳಿಗ್ಗೆ ಮೀನು ಬೇಡ, ಸೋಮವಾರ ಎಂದರೂ ಜಗಲಿಯ ಮೇಲೆ ಕುಳಿತಳು. ಎಲೆಯಡಿಕೆ ಹಾಕಿಕೊಂಡು, 'ಅಲ್ರಾ ಅಕ್ಕೋರೆ, ನಿಮ್ಮ ಸೊಸೆ ದಿನಾ ಬೆಳಿಗ್ಗೆ ನಮ್ಮ ದಕ್ಕೆ ಮೇಲೆ ಕಾಣ್ತದಲ್ಲ, ಎಂತ ಸುದ್ದಿ?' ಎಂದಳು. ನನಗೆ ಗೊತ್ತೇ ಇಲ್ಲದ ಸುದ್ದಿ. ಮುಖದಲ್ಲಿ ತೋರಿಸಲಿಲ್ಲ. 'ತಂದೆಯ ಮನೆಗೆ ಹೋಗುತ್ತಾಳೆ, ನಾನೇ ಕಳಿಸುತ್ತೇನೆ' ಎಂದೆ. ಸುಳ್ಳು ಹೇಳಿದೆ, ನಿನಗಾಗಿ, ಜಗಲಿಯ ಮೇಲೆ ನಿಂತು! ನಾಗಿ ನಕ್ಕಳು. 'ತಂದೆ ಮನೆ ಎದುರಿಗೆ ಸೆರಗು ಎಳ್ಕಂಡು, ಮುಖ ಆಚೆ ಮಾಡಿ ಓಡ್ತದ್ರಾ ಅಕ್ಕೋರೆ. ಹೋಗೂದು ಐಸ್ ಫ್ಯಾಕ್ಟರಿಗೆ. ಅದ್ರ ಸೋದರಮಾವ ಜಟ್ಟಪ್ಪ ಅಲ್ಲೇ ಅಲ್ರಾ ಕೆಲಸಕ್ಕಿರೂದು? ಒಂದು ತುಂಡು ಐಸು, ಮರದ ಹೊಟ್ಟಿನಾಗೆ ಸುತ್ತಿ ಗೋಣೀಲಿ ಹಾಕಿ ಕೊಡ್ತಾನೆ. ಮನೇಲಿ ಯಾರಿಗಾದ್ರೂ ಜ್ವರವಾ?'

ಜ್ವರವಂತೆ!

ಐಸು. ಮೀನಿಗೆ ಹಾಕುವ ಐಸು. ಆ ಐಸಿನಲ್ಲಿ ಒಂದು ತಾರಲೆಯ ಹುರುಪೆ. ನೀನು ದಿನವೂ ಎರಡು ಮೈಲಿ ಹೋಗಿ, ಎರಡು ಮೈಲಿ ಬಂದು, ನಾನು ಏಳುವ ಮೊದಲು... ಏಳುತ್ತೇನೆಂದು ನೀನು ತಿಳಿದ ಹೊತ್ತಿನ ಮೊದಲು... ನನ್ನ ಹೂದಾನಿಗೆ ಐಸು ಹಾಕುತ್ತೀ. ಬಲೆಯಿಂದ ತೆಗೆದ ಮೀನನ್ನು ಮೂರು ದಿನ ನಿಲ್ಲಿಸುವ ಐಸು ಹೂವನ್ನು ಏಕೆ ನಿಲ್ಲಿಸಬಾರದು, ಎಂಬುದು ನಿನ್ನ ಶಾಸ್ತ್ರ. ಹೌದೇ? ಬಾಯಿಂದ ಹೇಳು.

ಬೇಡ. ಮೌನವೂ ಒಪ್ಪಿಗೆಯೇ, ನಾನು ಬರೆದುಕೊಳ್ಳುತ್ತೇನೆ.

ನಾನು ಹದಿನಾರು ದಿನ ಈ ಮನೆಯಿಂದ ಏನು ಹೋಗುತ್ತಿದೆಯೆಂದು ಕಾವಲು ಕಾದೆ. ನೀನು ಹೊರಗಿನಿಂದ ತರುತ್ತಿದ್ದೆ.

ಆದರೆ ಇದರಿಂದ ನೀನು ಪಾರಾದೆಯೆಂದು ತಿಳಿಯಬೇಡ! ನಿಯಮ ನಿಯಮವೇ. ಹೂ ತನ್ನ ಆಯುಷ್ಯ ಮುಗಿಸಿ ಬಾಡಬೇಕು. ಐಸಿನಲ್ಲಿ ಇಟ್ಟು ಎಳೆದ ಆಯುಷ್ಯ ಆಯುಷ್ಯವಲ್ಲ, ಅದು ಪರೀಕ್ಷೆಯಲ್ಲಿ ನಕಲು ಮಾಡಿದ ಹಾಗೆ. ನ್ಯಾಯವಾಗಿ ಈ ಹೂಗಳು ಕಳೆದ ಮಂಗಳವಾರವೇ ಬಾಡಬೇಕಿತ್ತು. ನ್ಯಾಯವಾಗಿ ನೀನು ಅಂದೇ ಕದ್ವಾಡಕ್ಕೆ ಹೊರಡಬೇಕಿತ್ತು. ಹೌದೋ ಅಲ್ಲವೋ?

ಕದ್ವಾಡದ ಕೋಣೆಯ ಬೀಗದ ಕೈ ನಿನ್ನ ಹತ್ತಿರವೇ ಇದೆ. ಚೀಲದ ಒಳಜೇಬಿನಲ್ಲಿ, ಹಳದಿ ದಾರಕ್ಕೆ ಕಟ್ಟಿ. ಹೌದು, ಅದನ್ನೂ ನೋಡಿದ್ದೇನೆ! ಯಾವ ದಿನ ಬೇಕಾದರೂ ಹೋಗಬಹುದಿತ್ತು. ನಾನು ಮಾತಾಡಿಸದ ದಿನ ಹೋಗಬಹುದಿತ್ತು. ನಿನ್ನ ತಟ್ಟೆಯನ್ನು ಬೇರೆ ತೊಳೆದಿಟ್ಟ ದಿನ ಹೋಗಬಹುದಿತ್ತು. ಸಂದೀಪ ಬರುವುದು ಬರುವ ಭಾನುವಾರ. ಅವನಿಗೆ 'ನಿಮ್ಮ ಆಯಿ ಹೀಗೆ ಮಾಡಿದರು' ಎಂದು ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಬದಲಿಗೆ ಐಸು ಹೊರುತ್ತೀ! ಏಕೆ? ಹೂ ಬಾಡಲು ಬಿಟ್ಟಿದ್ದರೆ ನಿನಗೇ ಬಿಡುಗಡೆಯಿತ್ತಲ್ಲ?

ಕೇಳಬಹುದಿತ್ತು. ಬೇರೇನೂ ಅಲ್ಲ. ಒಂದು ವಾಕ್ಯ. 'ನಾನು ಇಲ್ಲಿಯೇ ಇರಬಹುದೇ?' ಮೂರೇ ಶಬ್ದ. ಮೂವತ್ತನಾಲ್ಕು ವರ್ಷ ನನ್ನ ತರಗತಿಯ ಬಾಗಿಲಲ್ಲಿ ನಿಂತ ಒಂದೊಂದು ಹುಡುಗಿಯೂ 'ಒಳಗೆ ಬರಬಹುದೇ' ಎಂದು ಕೇಳಿಯೇ ಬಂದಳು. ಕೇಳಿದವರಲ್ಲಿ ಒಬ್ಬಳಿಗಾದರೂ ನಾನು ಬೇಡ ಎಂದಿಲ್ಲ. ಒಬ್ಬಳಿಗೂ! ಆದರೆ ಕೇಳಬೇಕು. ಕೇಳದವರಿಗೆ ಹೇಗೆ ಹೇಳುವುದು, ಬಾ ಎಂದು? ಹದಿನಾರು ದಿನದಲ್ಲಿ ನೀನು ನನ್ನನ್ನು ಅತ್ತೆ ಎಂದು ಕರೆದಿಲ್ಲ, ಆಯಿ ಎಂದು ಕರೆದಿಲ್ಲ. 'ಊಟ ಆಗಿದೆ' ಎಂದು ಗೋಡೆಗೆ ಹೇಳುತ್ತೀ. ಗೋಡೆ ಬಂದು ಊಟ ಮಾಡಬೇಕೇ?

ಈಗ ಕೇಳು. ನಾನು ಕಾಯುತ್ತೇನೆ.

...

ಏನು ನೋಡುತ್ತಿದ್ದೀ? ನನ್ನನ್ನು ನೋಡು, ಹೂವನ್ನಲ್ಲ.

ಏಕೆ ಅಳೆಯುತ್ತೀ? ಬೆರಳಿಟ್ಟು ಅಳೆಯುವುದೇನಿದೆ ಅದರಲ್ಲಿ? ...ಉದ್ದವೇ? ನಾಲ್ಕು ಕಡ್ಡಿ ಗಿಡ್ಡ, ಮೂರು ಕಡ್ಡಿ ಉದ್ದ. ಸರಿ, ಇದ್ದರೆ ಏನಾಯಿತು? ಏಳು ಜನ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರೆ ಎಲ್ಲರೂ ಒಂದೇ ಎತ್ತರ ಇರುತ್ತಾರೆಯೇ? ಎರಡು ದಿನಕ್ಕೊಮ್ಮೆ ಕತ್ತರಿಸುವಾಗ ನಾನು... ಕೆಲವನ್ನು ಹೆಚ್ಚು ಕತ್ತರಿಸಿರಬಹುದು. ವಯಸ್ಸಾಯಿತು, ಕೈ ನಡುಗುತ್ತದೆ.

ನಡುಗುವುದಿಲ್ಲ ಎಂದು ಹೇಳಿದ್ದು ಸಿಸ್ಟರ್. ನಾನಲ್ಲ. ಅದೂ ಐವತ್ತೈದು ವರ್ಷದ ಹಿಂದೆ.

ಎಲ್ಲಿಗೆ ಹೊರಟೆ? ಮಾನಸಾ! ಮಾತು ಮುಗಿದಿಲ್ಲ. ಬಾಗಿಲ ಹಿಂದೆ ಏನಿದೆ ನಿನಗೆ?

ಕೊಡೆಯನ್ನೇಕೆ ತೆಗೆದೆ? ಜನವರಿಯಲ್ಲಿ ಮಳೆ ಬಂತೇ? ಅದನ್ನು ಅಲ್ಲಿಯೇ ಇಡು. ಪುಂಡಲೀಕರ ಕೊಡೆ ಅದು. ಹಳೆಯದು, ಕಡ್ಡಿ ಸಡಿಲವಾಗಿದೆ, ಮುರಿಯುತ್ತದೆ. ...ಹೌದು, ಮಂಗಳವಾರ ನಾನೇ ಒಯ್ದಿದ್ದೆ. ಆ ಮಂಗಳವಾರ, ಹತ್ತನೆಯ ದಿನ. ಅಂಕೋಲೆಗೆ. ನನ್ನ ಗೆಳತಿ ಗಂಗೂಗೆ ಸೊಂಟ ನೋವೆಂದು ನೋಡಿ ಬರಲು ಹೋಗಿದ್ದೆ. ನಿನಗೆ ಹೇಳಿಯೇ ಹೋಗಿದ್ದೆನಲ್ಲ? ಬಿಸಿಲಿಗೆಂದು ಕೊಡೆ. ಏಕೆ, ಬಿಸಿಲಿಗೆ ಕೊಡೆ ಒಯ್ಯಬಾರದೇ?

ಏನು? ಕೈಯಿಂದ ಮುಖ ಒರೆಸಿ ತೋರಿಸುತ್ತೀಯಲ್ಲ, ಏನದು? ...ನಾನೇ? ನಾನು ಬೆವತಿದ್ದೆನೇ? ಮಟಮಟ ಮಧ್ಯಾಹ್ನ ಬಸ್ ನಿಲ್ದಾಣದಿಂದ ನಡೆದು ಬಂದರೆ ಯಾರಾದರೂ ಬೆವರುತ್ತಾರೆ.

ಕೊಡೆ ಬಿಚ್ಚಿರಲಿಲ್ಲವೇ?

ಬಿಚ್ಚಿರಲಿಲ್ಲ. ...ಮರೆತಿದ್ದೆ.

ಬಿಚ್ಚಬೇಡ! ಮನೆಯೊಳಗೆ ಕೊಡೆ ಬಿಚ್ಚಬಾರದು, ಮಾನಸಾ, ಯಾರೂ ಕಲಿಸಲಿಲ್ಲವೇ ನಿನಗೆ? ನಾನು ಹೇಳುತ್ತಿದ್ದೇನೆ, ಬೇ...

...

ನೆಲದ ಮೇಲೆ ಬಿದ್ದದ್ದನ್ನು ಹೆಕ್ಕಬೇಡ. ನನಗೆ ಕಾಣಿಸುತ್ತದೆ. ಕೆಂಪು. ಎರಡು ಎಸಳು... ಮೂರು. ಒಣಗಿದ್ದರೂ ಬಣ್ಣ ಬಿಟ್ಟಿಲ್ಲ ನೋಡು. ಒಳ್ಳೆಯ ಗಡ್ಡೆಯ ಹೂ.

ಎಷ್ಟು ದಿನದಿಂದ ಗೊತ್ತಿತ್ತು ನಿನಗೆ? ಅಂದೇ? ಅಂದೇ ಗೊತ್ತಿತ್ತೇ? ಅಂದೇ ಗೊತ್ತಿದ್ದೂ ಇಂದು ಇಷ್ಟು ಹೊತ್ತು ನನ್ನ ಸಾಕ್ಷಿ, ನನ್ನ ನಿಯಮ, ನನ್ನ ಬಸಿ... ಎಲ್ಲವನ್ನೂ ನಿಂತು ಕೇಳಿದೆಯಾ?

ಕೊಡೆ ಮಡಿಸು. ಇಲ್ಲ... ಇರಲಿ, ಹಾಗೆಯೇ ಇಡು.

ಅಂಕೋಲೆಯಲ್ಲಿ ಸೋಮಿ ಎಂಬವಳ ಹಿತ್ತಿಲಲ್ಲಿ ಬೆಳೆಯುತ್ತದೆ. ಹೂ ಮಾರುವವಳು. ಗಂಗೂನ ಮನೆಯ ಹಿಂದೆಯೇ. ಒಂಬತ್ತನೆಯ ದಿನ ನಿನ್ನ ಹೂಗಳಲ್ಲಿ ಮೂರು ತಲೆ ಬಾಗಿಸಿದ್ದವು. ಸಕ್ಕರೆ ಹಾಕಿದೆ, ಲಿಂಬೆ ಹಾಕಿದೆ, ಕತ್ತರಿಸಿದೆ... ಆಗಲಿಲ್ಲ. ನೀನು ಅಡುಗೆಮನೆಯಲ್ಲಿ ನನ್ನ ಹರಿದ ದಿಂಬಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದೆ, ನಾನು ಹೇಳದೆಯೇ. ಮರುದಿನ ಮೊದಲ ಬಸ್ಸಿಗೆ ಹೋದೆ. ಗಂಗೂನ ಸೊಂಟ ಗಟ್ಟಿಯಾಗಿಯೇ ಇದೆ. 'ಬರೀ ಮೂರೇ ಕಡ್ಡಿ ಯಾರಿಗ್ರಾ ಅಕ್ಕೋರೆ?' ಎಂದು ಸೋಮಿ ಕೇಳಿದಳು. ಮೂವತ್ತನಾಲ್ಕು ವರ್ಷ ಕಲಿಸಿದವಳಿಗೆ ಒಂದು ಪೂರ್ಣ ವಾಕ್ಯ ಬರಲಿಲ್ಲ. ಕೊಡೆಯೊಳಗೆ ಸಿಕ್ಕಿಸಿಕೊಂಡು ಬಂದೆ. ಕಳ್ಳಿಯ ಹಾಗೆ.

ಬಾಳೆಹಣ್ಣು? ಅದೂ ನಾನೇ. ಬೆಳಿಗ್ಗೆ ಇಟ್ಟವಳೂ ನಾನೇ, ಸಂಜೆ ತೆಗೆದವಳೂ ನಾನೇ.

ಸಿಸ್ಟರ್ ಬೆನಿಗ್ನಾ ಅಂಥ ನಿಯಮವನ್ನು ಕಲಿಸಿರಲಿಲ್ಲ. ಅವರು ಸೋಮವಾರ ಬೆಳಿಗ್ಗೆ ಎಲ್ಲ ಹೂವನ್ನೂ, ಬಾಡಿರಲಿ ಬಾಡದಿರಲಿ, ಕಾನ್ವೆಂಟಿನ ಆಡಿಗೆ ತಿನ್ನಲು ಹಾಕಿಸುತ್ತಿದ್ದರು. ಅಂದು ಬಾಗಿಲಲ್ಲಿ ನಿಂತಾಗ ನನಗೆ... ಇರು ಎನ್ನಲು ಏನಾದರೊಂದು ನಿಯಮ ಬೇಕಿತ್ತು.

ಈಗ ನೀನು ಅಳಬಾರದು. ಅತ್ತರೆ ನಾನು ಒಳಗೆ ಹೋಗುತ್ತೇನೆ.

ಆ ಹುರುಪೆಯನ್ನು ಎಸೆಯಬೇಡ, ಬಸಿಯಲ್ಲಿಯೇ ಇರಲಿ. ಎಸಳುಗಳನ್ನೂ ಅದರಲ್ಲೇ ಹಾಕು. ಹಾಂ.

ನಾಳೆಯೂ ಐಸಿಗೆ ಹೋಗುತ್ತೀಯಷ್ಟೆ? ಹೋಗು. ಜಟ್ಟಪ್ಪನಿಗೆ ತೊಳೆದ ತುಂಡು ಕೊಡಲು ಹೇಳು. ಬರುವಾಗ ಹಿತ್ತಿಲ ಕಡೆ ಸುತ್ತಬೇಡ, ತಂಗಿ, ಕರಗುತ್ತದೆ. ಮುಂಬಾಗಿಲು ತೆರೆದಿರುತ್ತದೆ. ಸೇರಿಗೆ ಅಕ್ಕಿ ತುಂಬಿ ಹೊಸ್ತಿಲ ಮೇಲೆ ಇಟ್ಟಿರುತ್ತೇನೆ. ಐಸು ಕೈಯಲ್ಲಿದೆಯೆಂದು ಅವಸರ ಮಾಡಬೇಡ. ಮೊದಲು ಬಲಗಾಲು. ನೆನಪಿರಲಿ... ಬಲಗಾಲು.